ಮುಟ್ಟದೆ ಬಿಟ್ಟ ಜಾಗ

ಪೆಟ್ರೋಲು ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಶಾಲೆಯಲ್ಲಿ ಓದಿ ಬಿಟ್ಟ ಈ ಮಾತನ್ನು ಸೆಖೆಯ ಊರುಗಳಲ್ಲಿ ನೆನಪಿಟ್ಟುಕೊಳ್ಳುವ ಪ್ರಸಂಗವೇ ಬರುವುದಿಲ್ಲ. ತಿಪಟೂರಿನಲ್ಲೋ ದಾವಣಗೆರೆಯಲ್ಲೋ ಹಳೆಯ ಕಾರು ಓಡಿಸಿದವರಿಗೆ ಡ್ಯಾಶ್‌ಬೋರ್ಡಿನ ಚೋಕ್ ನಾಬ್ ಇದ್ದೂ ಇಲ್ಲದಂತೆ. ಮಳೆ ಹಿಡಿದ ಬೆಳಗ್ಗೆ ಒಮ್ಮೆ ಎಳೆದರೆ ಎಳೆದರು, ಇಲ್ಲವಾದರೆ ಇಲ್ಲ. ಅದೇ ಕಾರನ್ನು ದೆಹಲಿಗೆ ತಂದು ಜನವರಿಯ ರಾತ್ರಿ ಬಯಲಿನಲ್ಲಿ ನಿಲ್ಲಿಸಿ ನೋಡಬೇಕು. ಆ ಊರಿನ ಸರೋಜಿನಿ ನಗರ ಬಡಾವಣೆಯಿಂದ ಸ್ವಲ್ಪವೇ ದೂರದಲ್ಲಿ ಸಫ್ದರ್‌ಜಂಗ್ ಹವಾಮಾನ ಕೇಂದ್ರವಿದೆ. ದೆಹಲಿಯ ಚಳಿ ಎಂದು ಪತ್ರಿಕೆಗಳು ಅಚ್ಚು ಹಾಕುವ ಅಂಕಿ ಅಲ್ಲಿಂದ ಬರುತ್ತದೆ. 2021ರ ಜನವರಿ 1ರಂದು ಅಲ್ಲಿ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. ಅಂಥ ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಕಿಡಿ ಹಾರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇರುತ್ತದೆ. ಬೆಂಕಿ ಮಾತ್ರ ಹತ್ತುವುದಿಲ್ಲ.

ಕಾರ್ಬುರೇಟರ್ ಪೆಟ್ರೋಲನ್ನು ಗಾಳಿಯಲ್ಲಿ ತುಂತುರಾಗಿ ಹಾರಿಸುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಆ ತುಂತುರು ದಾರಿಯಲ್ಲೇ ಆವಿಯಾಗಿ ಹೋಗುತ್ತದೆ. ತಣ್ಣಗಿದ್ದರೆ ಕೊಳವೆಯ ಗೋಡೆಗೆ ತಾಗಿ ಹನಿಯಾಗಿ ಇಳಿಯುತ್ತದೆ; ಪೆಟ್ರೋಲಿನಲ್ಲಿರುವ ಹಗುರವಾದ ಅಂಶವಷ್ಟೇ ಆವಿಯಾಗಿ ಒಳಗೆ ಸೇರುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಕೂಡಿದರೆ ಪೆಟ್ರೋಲೂ ಗಾಳಿಯಲ್ಲಿನ ಆಮ್ಲಜನಕವೂ ಉಳಿಯದಂತೆ ತೀರುತ್ತವೆ. ಚಳಿಯಲ್ಲಿ ಕಿಡಿಯ ಬಳಿ ತಲುಪುವ ಆವಿ ಈ ಲೆಕ್ಕಕ್ಕೆ ಏನೇನೂ ಸಾಲದು. ಇದಕ್ಕಿರುವ ಉಪಾಯ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪೆಟ್ರೋಲನ್ನು ಒಳಗೆ ಬಿಡುವುದು. ಬಹುಪಾಲು ಹನಿಯಾಗಿ ದಂಡವಾದರೂ ಚಿಂತೆಯಿಲ್ಲ, ಆವಿಯಾದ ಅಷ್ಟರಲ್ಲೇ ಬೆಂಕಿ ಹತ್ತಲಿ ಎಂಬ ಧಾರಾಳ. ಚೋಕ್ ಮಾಡುವುದು ಇಷ್ಟನ್ನೇ.

ಮಾಡುವ ಬಗೆ ಮಾತ್ರ ಕಾರಿನಿಂದ ಕಾರಿಗೆ ಬೇರೆ. ಕೆಲವು ಕಾರ್ಬುರೇಟರುಗಳಲ್ಲಿ ಗಾಳಿ ಬರುವ ಬಾಯಿಗೆ ತಗಡಿನ ಒಂದು ಬಾಗಿಲಿರುತ್ತದೆ. ಅದನ್ನು ಮುಚ್ಚಿದರೆ ಎಂಜಿನ್ನಿನ ಎಳೆತಕ್ಕೆ ಗಾಳಿ ಸಿಗದೆ ಪೆಟ್ರೋಲೇ ಹೆಚ್ಚಾಗಿ ಬರುತ್ತದೆ. ಹಲವು ಸೋಲೆಕ್ಸ್ ಕಾರ್ಬುರೇಟರುಗಳಲ್ಲಿ ಬಾಗಿಲಿಲ್ಲ, ಪಕ್ಕದಲ್ಲಿ ತೂತು ಕೊರೆದ ಪುಟ್ಟ ಬಿಲ್ಲೆ. ಅದು ತಿರುಗಿದಾಗ ಬೇರೊಂದು ದಾರಿಯಿಂದ ಗಟ್ಟಿ ಮಿಶ್ರಣ ನುಗ್ಗುತ್ತದೆ. ಎಸ್‌ಯು ಕಾರ್ಬುರೇಟರಿನಲ್ಲಿ ಇವೆರಡೂ ಇಲ್ಲ. ಅಲ್ಲಿರುವುದು ಜೆಟ್ ಎಂಬ ಸಣ್ಣ ಕೊಳವೆ, ಅದರೊಳಗೆ ಇಳಿಬಿದ್ದ, ತುದಿಗೆ ಹೋದಂತೆ ಸಪೂರವಾಗುವ ಒಂದು ಸೂಜಿ. ಸೂಜಿ ಮೇಲೆದ್ದಷ್ಟೂ ಸುತ್ತಲಿನ ಸಂದು ಅಗಲವಾಗಿ ಪೆಟ್ರೋಲು ಹೆಚ್ಚುತ್ತದೆ. ಚೋಕ್ ಎಳೆದಾಗ ಅದು ಸೂಜಿಯ ತಂಟೆಗೆ ಹೋಗದೆ ಜೆಟ್ಟನ್ನೇ ಕೆಳಗೆ ಎಳೆಯುತ್ತದೆ. ಸೂಜಿ ಏರಿದರೇನು, ಜೆಟ್ ಇಳಿದರೇನು, ಸಂದು ಅಗಲವಾದರಾಯಿತು! ಸಣ್ಣ ಕಾರುಗಳ ಎಸ್‌ಯುನಲ್ಲಿ ಆ ಕೊಳವೆಯ ತೂತು ಸುಮಾರು 2.3 ಮಿಲಿಮೀಟರ್. ಒಂದಿಡೀ ಕಾರಿನ ಹಸಿವು ತೀರುವುದು ಅಷ್ಟು ಸಣ್ಣ ತೂತಿನಿಂದ, ಅದರಲ್ಲೂ ಮಧ್ಯೆ ಒಂದು ಸೂಜಿ ನಿಂತಿರುವಾಗ.

ಈ ಎಸ್‌ಯು ಕಾರ್ಬುರೇಟರನ್ನು ಕಳೆದ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ್ದು ಇಂಗ್ಲೆಂಡಿನ ಸ್ಕಿನ್ನರ್ ಸೋದರರು. ಅವರ ಮನೆತನದ್ದು ಬೂಟು, ಪಾದರಕ್ಷೆಯ ವ್ಯಾಪಾರ. ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಸೂಜಿಯನ್ನು ಏರಿಸಿ ಇಳಿಸಲು ಅವರು ಮೊದಲು ಇಟ್ಟದ್ದು ತೊಗಲಿನ ತಿದಿ. ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂದದ್ದು ವರ್ಷಗಳು ಕಳೆದ ಮೇಲೆ. ಬೂಟಿಗೆ ಹದ ಮಾಡುವ ತೊಗಲಿನ ಗುಣ ಅರಿತವರು ಅದನ್ನೇ ಎಂಜಿನ್ನಿಗೆ ಉಸಿರು ಅಳೆದುಕೊಡಲು ಹಚ್ಚಿದರು. ಬುದ್ಧಿ ದೂರಕ್ಕೆ ಹೋಗುವಾಗಲೂ ಮನೆಯಲ್ಲಿದ್ದ ಸಾಮಾನನ್ನೇ ಬುತ್ತಿ ಕಟ್ಟಿಕೊಂಡು ಹೋಗುತ್ತದೆ.

ಇನ್ನು ಲಿಂಕೇಜಿನ ಮಾತು. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಕೊಟ್ಟರೆ ಹತ್ತಿಕೊಳ್ಳುತ್ತದೆ, ಆದರೆ ಓಡುತ್ತ ಉಳಿಯುವುದಿಲ್ಲ. ಒಳಗಿನ ಎಣ್ಣೆ ಮಂದವಾಗಿರುತ್ತದೆ, ಬಿಗಿ ಹೆಚ್ಚು. ಸ್ಲೋ ಸ್ಪೀಡಿನಲ್ಲಿ ಎರಡು ಸಲ ಕೆಮ್ಮಿ ಆಫ್ ಆಗುತ್ತದೆ. ಆಕ್ಸಿಲರೇಟರ್ ತುಳಿಯದಿದ್ದರೂ, ಒಳಗೆ ಮಿಶ್ರಣ ಬಿಡುವ ಥ್ರಾಟಲ್ ಒಂದಿಷ್ಟು ತೆರೆದಿರಬೇಕು. ಎಂಜಿನ್ನಿನ ಬೇಡಿಕೆ ಎರಡು, ಡ್ರೈವರನ ಕೈಗೆ ಸಿಗುವ ನಾಬ್ ಒಂದು. ಆ ಒಂದೇ ಎಳೆತವನ್ನು ಎರಡು ಕೆಲಸಕ್ಕೆ ಅಳೆದು ಹಂಚುವುದೇ ಲಿಂಕೇಜ್. ನೋಡಲು ಏನೂ ಇಲ್ಲ: ಬೆರಳುದ್ದದ ಕಡ್ಡಿ, ಒಂದೆರಡು ಲಿವರ್, ಪಿನ್ನುಗಳು, ಒಂದು ಸ್ಪ್ರಿಂಗ್. ಲಿವರಿನಲ್ಲಿ ತೂತು ಎಲ್ಲಿ ಕೊರೆದಿದೆ ಎಂಬುದರಲ್ಲೇ ಇದರ ವಿದ್ಯೆಯೆಲ್ಲ ಇದೆ. ತೂತು ಎರಡು ಮಿಲಿಮೀಟರ್ ಆಚೆ ಬಿದ್ದರೆ ಜೆಟ್ ಅರ್ಧ ಇಳಿಯುವಷ್ಟರಲ್ಲಿ ಥ್ರಾಟಲ್ ಹುಚ್ಚುಹುಚ್ಚಾಗಿ ತೆರೆದುಕೊಂಡಿರುತ್ತದೆ; ಈಚೆ ಬಿದ್ದರೆ ಪೆಟ್ರೋಲು ತುಂಬಿ ತುಳುಕಿದರೂ ಥ್ರಾಟಲ್ ಕದಲಿರುವುದಿಲ್ಲ.

ನಾನು ಇದನ್ನು ಕಣ್ಣಾರೆ ಕಂಡದ್ದು ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸುಗಳು ಇನ್ನೂ ನಿಂತಿದ್ದ ಕಾಲದಲ್ಲಿ. ಹೊರಗಿನವರಿಗೆ ಸರೋಜಿನಿ ಎಂದರೆ ಬಟ್ಟೆಯ ಮಾರ್ಕೆಟ್. ಒಳಗಿದ್ದವರಿಗೆ ಅದು ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದ ನೌಕರರಿಗೆಂದು ಕಟ್ಟಿದ ಬಡಾವಣೆ. ಮೊದಲ ಹೆಸರು ವಿನಯ ನಗರ. ಮರಗಳ ಸಾಲು, ಚೌಕದ ಸುತ್ತ ಮನೆಗಳು, ಹಿಂಬದಿಯಲ್ಲಿ ಗ್ಯಾರೇಜುಗಳು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ ಹೆಚ್ಚು ದೂರವಿಲ್ಲ. ನಾಟಕವೋ ಯಕ್ಷಗಾನವೋ ಇದ್ದ ಸಂಜೆ ಒಟ್ಟಿಗೆ ಹೊರಡುವ ಕನ್ನಡದ ಮನೆಗಳು ನಮ್ಮ ಸುತ್ತಮುತ್ತ ಒಂದಷ್ಟಿದ್ದವು. ಅಂಥದ್ದೊಂದು ಮನೆಯ ರಾಯರು ನಿವೃತ್ತರಾಗಿ ಮಗನ ಕ್ವಾರ್ಟರ್ಸಿಗೆ ಬಂದಿದ್ದರು. ಅವರ ಹಿಂದೆಯೇ ಅವರ ಬೇಬಿ ಹಿಂದೂಸ್ತಾನೂ ಬಂದಿತ್ತು.

ಇಂಗ್ಲೆಂಡಿನ ಮಾರಿಸ್ ಮೈನರ್ ಕಾರನ್ನು ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಆರಂಭದಲ್ಲಿ ಇಲ್ಲಿ ಜೋಡಿಸಿ ಮಾರಿದಾಗ ಇಟ್ಟ ಹೆಸರು ಬೇಬಿ ಹಿಂದೂಸ್ತಾನ್. ಎಂಜಿನ್ 918 ಸಿಸಿ. ಮೂಲ ಕಾರಿನ ವಿನ್ಯಾಸ ಅಲೆಕ್ ಇಸಿಗೊನಿಸನದು. ಮುಂದೆ ಮಿನಿ ಕಾರಿನಿಂದ ಲೋಕಕ್ಕೆಲ್ಲ ಗೊತ್ತಾದವನು. ರಾಯರ ಕಾರು ಓಡುತ್ತಿತ್ತು, ಆದರೆ ಹೊಗೆ ಬಿಡುತ್ತಿತ್ತು. ಪ್ಲಗ್ ತೆಗೆದರೆ ಮಸಿ. ಹಿಂದಿನ ಯಾರೋ ಮಾಲೀಕರ ಕಾಲದಲ್ಲಿ ಚೋಕಿನ ಲಿಂಕ್ ಕಳೆದುಹೋಗಿ ಆ ಜಾಗದಲ್ಲಿ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ಕೂರಿಸಿದ್ದರು. ಕೆಲಸವೇನೋ ಆಗುತ್ತಿತ್ತು. ಎಳೆದರೆ ಜೆಟ್ ಇಳಿಯುತ್ತಿತ್ತು. ಒತ್ತಿದರೆ ಮಾತ್ರ ಪೂರ್ತಿ ಮೇಲೆ ಬರುತ್ತಿರಲಿಲ್ಲ.

ಸರಿಯಾದ ಲಿಂಕಿಗೆ ರಾಯರು ಕಾಶ್ಮೀರಿ ಗೇಟಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಿದರು. ಸರೋಜಿನಿ ಮಾರ್ಕೆಟಿನ ರಾಶಿಯಲ್ಲಿ ಅಂಗಿ ಹುಡುಕಿದ ಹಾಗೆ: ಬಣ್ಣ ಸರಿ, ಹೊಲಿಗೆ ಸರಿ, ತೋಳು ಮಾತ್ರ ಒಂದು ಬೆರಳು ಗಿಡ್ಡ. ಸಿಕ್ಕ ಲಿವರುಗಳಲ್ಲಿ ಒಂದು ಎಡಗೈ ಕಾರ್ಬುರೇಟರಿನದು, ಇದಕ್ಕೆ ಕನ್ನಡಿಯೊಳಗಿನ ಪ್ರತಿಬಿಂಬ. ಇನ್ನೊಂದು ಎಸ್‌ಯುವಿನ ನಂತರದ ಎಚ್‌ಎಸ್ ಮಾದರಿಯದು. ಎಚ್‌ಎಸ್‌ನಲ್ಲಿ ಪೆಟ್ರೋಲು ಜೆಟ್ಟಿಗೆ ಬರುವುದು ನೈಲಾನ್ ನಳಿಗೆಯಲ್ಲಿ, ರಾಯರ ಕಾರಿನಲ್ಲಿದ್ದ ಹಳೆಯ ಎಚ್ ಮಾದರಿಯಲ್ಲಿ ಕಾರ್ಕಿನ ಉಂಗುರಗಳು ಸೋರದಂತೆ ತಡೆಯುತ್ತವೆ. ಕೆಳಭಾಗದ ರಚನೆಯೇ ಬೇರೆ. ಕೊನೆಗೆ ಇಂಗ್ಲೆಂಡಿನಲ್ಲಿರುವ ತಂಗಿಯ ಮಗ ರಜಕ್ಕೆ ಬರುವಾಗ ಸಣ್ಣದೊಂದು ಪೊಟ್ಟಣ ತಂದ. ಸಾಲ್ಸ್‌ಬರಿಯ ಬರ್ಲೆನ್ ಕಂಪನಿ ಎಸ್‌ಯು ಕಾರ್ಬುರೇಟರಿನ ಬಿಡಿಭಾಗಗಳನ್ನು ಈಗಲೂ ತಯಾರಿಸುತ್ತದೆ. ಅರವತ್ತು ಎಪ್ಪತ್ತು ವರ್ಷದ ಹಿಂದಿನ ಒಂದು ಕಡ್ಡಿಯನ್ನು ಅದೇ ಅಳತೆಯಲ್ಲಿ ಇಂದು ಒಬ್ಬರು ಮಾಡುತ್ತಿದ್ದಾರೆ, ಅದು ಬೇಕೆಂದು ಕೇಳುವವರೂ ಇದ್ದಾರೆ ಎಂಬುದೇ ನನಗೆ ಮೊದಲ ಬೆರಗು.

ಕೂರಿಸಲು ಬಂದ ಮೆಕ್ಯಾನಿಕ್‌ಗೆ ರಾಯರಷ್ಟೇ ವಯಸ್ಸು. ರಾಯರು ಅವರನ್ನು ಉಸ್ತಾದ್‌ಜಿ ಎನ್ನುತ್ತಿದ್ದರು, ಅವರು ಇವರನ್ನು ರಾವ್ ಸಾಹೇಬ್. ಜೊತೆಗೆ ಸ್ಪಾನರ್ ಎತ್ತಿಕೊಡುವ ಒಬ್ಬ ಹುಡುಗ. ಬಿಸಿಲು ಇನ್ನೂ ಮಂಜಿನ ಆಚೆಗಿತ್ತು. ಉಸ್ತಾದ್ ಬಾನೆಟ್ ಎತ್ತಿ, ಮೊದಲು ಸೈಕಲ್ ಕಡ್ಡಿಯನ್ನು ಬಿಡಿಸಿ, ಬಿಸಾಡದೆ ಜೇಬಿಗೆ ಹಾಕಿಕೊಂಡರು. ಜೆಟ್ಟನ್ನು ಬೆರಳಿನಿಂದ ಕೆಳಗೆಳೆದು ಬಿಟ್ಟರು. ಮಸಿ ಮೆತ್ತಿದ್ದರಿಂದ ಅದು ಅಲ್ಲೇ ನಿಂತಿತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಎಳೆದು ಬಿಟ್ಟರು. ಈ ಸಲ ಸ್ಪ್ರಿಂಗಿನ ಎಳೆತಕ್ಕೆ ಟಕ್ಕೆಂದು ಮೇಲೆ ಹೋಯಿತು. ಲಿಂಕ್ ಮುಟ್ಟುವ ಮೊದಲು ಅದನ್ನೇ ನಾಲ್ಕಾರು ಬಾರಿ ಮಾಡಿದರು, ಪ್ರತಿ ಸಲ ಕಿವಿ ಹತ್ತಿರ ತಂದು. ಜೆಟ್ ತಾನಾಗಿ ಮನೆ ಸೇರದಿದ್ದರೆ ಯಾವ ಲಿಂಕೂ ಅದನ್ನು ಸೇರಿಸಲಾರದು ಎಂದು ಹುಡುಗನಿಗೆ ಹೇಳಿದರು.

ಆಮೇಲೆ ಹೊಸ ಕಡ್ಡಿ. ಪಿನ್ ತೂರಿಸಿ, ಸ್ಪ್ಲಿಟ್ ಪಿನ್ ಹಾಕಿ, ಅದರ ಕಾಲುಗಳನ್ನು ಕಟಿಂಗ್ ಪ್ಲೇಯರಿನಿಂದ ಅಗಲಿಸಿದರು. ಚೋಕಿನ ಕೇಬಲ್ ಬ್ರೇಕಿನ ಕೇಬಲ್ಲಿನಂತೆ ಹುರಿಗಟ್ಟಿದ ಎಳೆಗಳದ್ದಲ್ಲ, ಒಂಟಿ ತಂತಿ. ಹುರಿಯನ್ನು ಎಳೆಯಬಹುದು, ತಳ್ಳಲಾಗದು. ಚೋಕನ್ನು ಎಳೆದರೆ ಸಾಲದು, ತಿರುಗಿ ಒಳಗೂ ತಳ್ಳಬೇಕು, ಅದಕ್ಕೇ ಒಂಟಿ ತಂತಿ. ಅದನ್ನು ಲಿವರಿಗೆ ಸಿಕ್ಕಿಸಿ ಸ್ಕ್ರೂ ಬಿಗಿ ಮಾಡುವ ಹೊತ್ತಿಗೆ ಹುಡುಗ ತಂತಿಯನ್ನು ಗಟ್ಟಿಯಾಗಿ ಜಗ್ಗಿ ಹಿಡಿದ. ಉಸ್ತಾದ್ ಅವನ ಕೈ ಮೇಲೊಂದು ಏಟು ಕೊಟ್ಟು, ತಂತಿಯನ್ನು ಸಡಿಲ ಬಿಟ್ಟು, ಆ ಸಡಿಲದಲ್ಲೇ ಸ್ಕ್ರೂ ಬಿಗಿದರು.

“ಸಡಿಲ ಬಿಟ್ಟರೆ ಎಳೆದಿದ್ದರಲ್ಲಿ ಅಷ್ಟು ಸುಮ್ಮನೆ ಹೋಗುತ್ತಲ್ಲ ಉಸ್ತಾದ್?” ಎಂದ ಹುಡುಗ.

“ಹೋಗಲಿ. ಬಿಗಿ ಮಾಡಿದರೆ ಬೇಡ ಅಂದ ಮೇಲೂ ಹಿಡ್ಕೊಂಡೇ ಇರುತ್ತೆ. ಕೆಲಸ ಇದ್ದಾಗ ಮುಟ್ಟಲಿ, ಇಲ್ಲದಾಗ ಅದರ ಪಾಡಿಗೆ ಅದು ಇರಲಿ.”

ಆಮೇಲೆ ಬೀಡಿ ಕಟ್ಟಿನ ರಟ್ಟಿನ ಚೂರೊಂದನ್ನು ಹರಿದು ಥ್ರಾಟಲಿನ ಸ್ಕ್ರೂಗೂ ಅದನ್ನು ಎತ್ತುವ ಕ್ಯಾಮಿಗೂ ನಡುವೆ ತೂರಿಸಿದರು. ಚೋಕ್ ಒಳಗಿದ್ದಾಗ ಆ ಎರಡು ಲೋಹಗಳು ಒಂದನ್ನೊಂದು ತಾಕಬಾರದು. ರಟ್ಟು ಸಲೀಸಾಗಿ ಜಾರಿ ಹೊರಗೆ ಬಂತು. ಅಷ್ಟು ಜಾಗ ಸಾಕು.

ರಾಯರು ನಾಬ್ ಎಳೆದು ಸೆಲ್ಫ್ ಹೊಡೆದರು. ಗಾಡಿ ಹಿಡಿಯಿತು. ಯಾರೂ ಆಕ್ಸಿಲರೇಟರ್ ತುಳಿಯಲಿಲ್ಲ, ಆದರೂ ಎಂಜಿನ್ ತಕ್ಕಷ್ಟು ಎತ್ತರದ ದನಿಯಲ್ಲಿ ಓಡುತ್ತ ಉಳಿಯಿತು. ಸ್ವಲ್ಪ ಹೊತ್ತಿಗೆ ಉಸ್ತಾದ್ ಕೈಸನ್ನೆ ಮಾಡಿದರು. ರಾಯರು ನಾಬ್ ಅರ್ಧ ಒಳಗೆ ಬಿಟ್ಟರು, ಇನ್ನೂ ಸ್ವಲ್ಪ ಹೊತ್ತಿಗೆ ಪೂರ್ತಿ. ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತನ್ನ ನೆಲೆಗೆ ಬಂತು.

ಲಿಂಕೇಜಿನ ಬೆರಗು ದೊಡ್ಡವರನ್ನೂ ಹಿಡಿದಿತ್ತು. ಜೇಮ್ಸ್ ವಾಟ್ ಮುಪ್ಪಿನಲ್ಲಿ ಮಗನಿಗೆ ಬರೆದ ಪತ್ರವೊಂದರಲ್ಲಿ, ತಾನು ಕಂಡುಹಿಡಿದ ಯಾಂತ್ರಿಕ ಉಪಾಯಗಳಲ್ಲೆಲ್ಲ ತನಗೆ ಹೆಚ್ಚು ಹೆಮ್ಮೆಯಿರುವುದು 1784ರ ಸಮಾಂತರ ಚಲನೆಯ ಬಗ್ಗೆ ಎಂದು ಹೇಳಿಕೊಂಡಿದ್ದಾನೆ. ಅದು ಪಿಸ್ಟನ್ನಿನ ನೇರ ಓಟವನ್ನೂ ತೊಲೆಯ ಕಮಾನು ಓಟವನ್ನೂ ಕೆಲವೇ ಸರಳುಗಳಿಂದ ಜೋಡಿಸಿದ ಲಿಂಕೇಜ್. ಲೋಕ ಅವನನ್ನು ಆವಿಯಂತ್ರದಿಂದ ನೆನೆಯುತ್ತದೆ. ಅವನ ಮನಸ್ಸು ನಿಂತದ್ದು ಸರಳುಗಳ ಮೇಲೆ. ಇದರಲ್ಲಿ ಆಶ್ಚರ್ಯವಿಲ್ಲ. ಆವಿಯ ಬಲ ಮೊದಲೇ ಇತ್ತು, ಅವನು ಅದನ್ನು ಪಳಗಿಸಿದ. ನೇರವಾಗಿ ಹೋಗುವುದೂ ಬಾಗಿ ಹೋಗುವುದೂ ಜಗಳವಿಲ್ಲದೆ ಒಟ್ಟಿಗೆ ಹೋಗುವ ದಾರಿ ಮಾತ್ರ ಎಲ್ಲೂ ಇರಲಿಲ್ಲ. ಅವನು ಅದನ್ನು ಹುಟ್ಟಿಸಿದ.

ನಮ್ಮಲ್ಲಿ ಬೆರಗಿಗೆ ಒಂದು ರಸವನ್ನೇ ಮೀಸಲಿಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಅದ್ಭುತ ಒಂದು, ಅದರ ಸ್ಥಾಯಿಭಾವ ವಿಸ್ಮಯ. ಯಾವುದರಿಂದ ಅದು ಹುಟ್ಟುತ್ತದೆ ಎಂಬ ಪಟ್ಟಿಯಲ್ಲಿ ದೇವತೆಗಳ ದರ್ಶನವಿದೆ, ವಿಮಾನವಿದೆ, ಮಾಯೆ, ಇಂದ್ರಜಾಲಗಳಿವೆ. ಅಷ್ಟೇ ಆಗಿದ್ದರೆ ಗ್ಯಾರೇಜಿನ ಹತ್ತಿರ ಅದಕ್ಕೇನು ಕೆಲಸ ಎನ್ನಬಹುದಿತ್ತು. ಆದರೆ ಭರತ ಅತಿಶಯವಾದ ಮಾತನ್ನೂ ಶಿಲ್ಪವನ್ನೂ ಕೆಲಸವನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ಮನುಷ್ಯನ ಕೈ ಒಂದನ್ನು ಚೆನ್ನಾಗಿ ಮಾಡಿದರೆ ಅದೂ ದೇವತೆಯ ದರ್ಶನದ ಪಂಕ್ತಿಯಲ್ಲೇ ಕೂರುತ್ತದೆ.

ಒಂದೇ ಪಟ್ಟಿಯಲ್ಲಿದ್ದರೂ ಇಂದ್ರಜಾಲದ ಬೆರಗು ಬೇರೆ, ಶಿಲ್ಪದ ಬೆರಗು ಬೇರೆ ಎಂದು ನನಗನಿಸುತ್ತದೆ. ಜಾದೂಗಾರನ ತೋಳಿನೊಳಗೆ ಏನಿತ್ತು ಎಂದು ಗೊತ್ತಾದ ಕ್ಷಣಕ್ಕೆ ಮೊದಲನೆಯದು ಮುಗಿಯುತ್ತದೆ. ಎರಡನೆಯದು ಗೊತ್ತಾದ ಮೇಲೆ ಶುರುವಾಗುತ್ತದೆ. ಬಾನೆಟ್ ಮುಚ್ಚಿದ್ದ ಕಾರಿನ ಮುಂದೆ ಎಷ್ಟು ಹೊತ್ತು ನಿಂತಿದ್ದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ತೆರೆದ ಮೇಲೂ ಕಂಡದ್ದು ಜಿಡ್ಡು, ತಂತಿ. ಯಾವುದು ಯಾವುದನ್ನು ಎಳೆಯುತ್ತದೆ, ಎಷ್ಟು ಎಳೆಯುತ್ತದೆ, ಯಾಕೆ ಅಷ್ಟೇ ಎಳೆಯುತ್ತದೆ ಎಂದು ಒಂದೊಂದಾಗಿ ತಿಳಿಯುತ್ತ ಹೋದಂತೆ ಮೈ ನವಿರೆದ್ದಿತು. ಭರತ ಅದನ್ನೂ ಬರೆದಿದ್ದಾನೆ: ರೆಪ್ಪೆ ಹೊಡೆಯದ ನೋಟ, ರೋಮಾಂಚ, ಬಾಯಲ್ಲಿ ಸಾಧು ಸಾಧು ಎಂಬ ಮೆಚ್ಚುಗೆ. ರಾಯರ ಬಾಯಲ್ಲಿ ಅದು “ಭಲೆ!” ಎಂದು ಬಂತು. ಭರತನ ಆ ಸಾಲಿನಲ್ಲಿ ದಾನವೂ ಇದೆ. ಬೆರಗಾದವನು ಕಣ್ಣರಳಿಸುವುದು ಸರಿ, ದಾನ ಯಾಕೆ ಮಾಡುತ್ತಾನೆ ಎಂಬುದು ಮಾತ್ರ ನನಗೆ ಆಗ ತಿಳಿದಿರಲಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕಡ್ಡಿಯೂ ಅಲ್ಲ, ಲಿವರೂ ಅಲ್ಲ. ಉಸ್ತಾದ್ ಉಳಿಸಿದ ಆ ಸಡಿಲ. ಎಸ್‌ಯುವಿನ ಕೈಪಿಡಿಗಳು ಚೋಕ್ ಕೇಬಲ್ಲಿಗೆ ಒಂದು ಇಂಚಿನ ಹದಿನಾರನೆಯ ಒಂದು ಪಾಲು ಸಡಿಲ ಬಿಡಿ ಎನ್ನುತ್ತವೆ, ಎಂದರೆ ಸುಮಾರು ಒಂದೂವರೆ ಮಿಲಿಮೀಟರ್. ಅದಕ್ಕೆ ಕಾರಣವಿದೆ. ನಾಬ್ ಇರುವುದು ಕಾರಿನ ಮೈಯಲ್ಲಿ, ಜೆಟ್ ಇರುವುದು ಎಂಜಿನ್ನಿನಲ್ಲಿ. ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗಾಡುತ್ತಿರುತ್ತದೆ. ನಡುವಿನ ತಂತಿ ಬಿಗಿಯಾಗಿದ್ದರೆ ಎಂಜಿನ್ ನಡುಗಿದಾಗಲೆಲ್ಲ ಜೆಟ್ ಜಗ್ಗಿಸಿಕೊಳ್ಳುತ್ತದೆ. ಎಳೆಯದಿದ್ದರೂ ಚೋಕ್ ಎಳೆದಂತೆ. ಪರಿಣಾಮ ಮಸಿ ಹಿಡಿದ ಪ್ಲಗ್, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುವ ಹೆಚ್ಚುವರಿ ಪೆಟ್ರೋಲು, ಹಿಂದೆ ಹೊಗೆ. ಇದನ್ನು ಎಲ್ಲೋ ಒಂದು ನಕ್ಷೆಯ ಮೇಜಿನ ಮುಂದೆ ಕೂತು ಒಬ್ಬ ಮುಂದಾಗಿ ಯೋಚಿಸಿದ್ದಾನೆ. ಚಳಿಯ ಬೆಳಗ್ಗೆ ಎಂಜಿನ್ನಿಗೆ ಏನು ಬೇಕೆಂದು ಯೋಚಿಸುವುದು ಅವನ ಕೆಲಸವೇ ಆಗಿತ್ತು. ಬೇಡವಾದ ಮೇಲೆ ಏನಾಗಬೇಕೆಂಬುದನ್ನೂ ಅಷ್ಟೇ ಅಕ್ಕರೆಯಿಂದ ಯೋಚಿಸಿ, ಅದಕ್ಕೆಂದೇ ಒಂದು ಖಾಲಿ ಜಾಗವನ್ನು ಅಳೆದು ಬರೆದಿಟ್ಟ. ಭಾಗಗಳ ಪಟ್ಟಿಯಲ್ಲಿ ಕಡ್ಡಿಗೆ ನಂಬರಿದೆ, ಪಿನ್ನಿಗೆ ನಂಬರಿದೆ. ಆ ಖಾಲಿ ಜಾಗಕ್ಕೆ ನಂಬರಿಲ್ಲ. ಸಾಲ್ಸ್‌ಬರಿಯಿಂದ ಅದನ್ನು ತರಿಸಲಾಗದು. ಪ್ರತಿ ಸಲ ಯಾರಾದರೊಬ್ಬರು ಕೈಯಾರೆ ಬಿಡಬೇಕು.

ನೆರವಾಗುವುದು ಬಹಳ ಜನಕ್ಕೆ ಬರುತ್ತದೆ. ಕೊಟ್ಟ ನೆರವನ್ನು ಹೊತ್ತಿಗೆ ಸರಿಯಾಗಿ ಹಿಂತೆಗೆಯುವ ವಿದ್ಯೆ ಅಪರೂಪ. ಮಗ ದೊಡ್ಡವನಾದ ಮೇಲೂ ಅವನ ತಟ್ಟೆಗೆ ಬಡಿಸುತ್ತಲೇ ಇರುವವರು, ಶಿಷ್ಯನ ಮೊದಲ ಪುಸ್ತಕದ ಪ್ರತಿ ಪುಟದಲ್ಲೂ ಇಣುಕುವ ಗುರುಗಳು, ಕಷ್ಟದಲ್ಲಿ ಒಮ್ಮೆ ಕೈಹಿಡಿದದ್ದನ್ನು ಇಪ್ಪತ್ತು ವರ್ಷ ಬಿಡದೆ ಹಿಡಿದಿರುವ ನೆಂಟರು, ಎಲ್ಲರೂ ತಂತಿಯನ್ನು ಬಿಗಿಯಾಗಿ ಕಟ್ಟಿದವರೇ. ಅವರ ಪ್ರೀತಿ ಸುಳ್ಳಲ್ಲ. ಒಂದೂವರೆ ಮಿಲಿಮೀಟರ್ ಬಿಡಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ.

ಚೋಕ್ ಒಳಗೆ ತಳ್ಳಲು ಮರೆತ ಕಾರಿನ ಹೊಗೆಯನ್ನು ದೆಹಲಿಯಲ್ಲಿ ಕುಳಿತು ಮುದ್ದಾಗಿ ವರ್ಣಿಸುವಂತಿಲ್ಲ. ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದಾಗ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ, ಅರೆಬೆಂದ ಇಂಧನ ಹೊರಬೀಳುತ್ತದೆ. ಚಳಿಗಾಲದ ತಣ್ಣನೆಯ, ಕದಲದ ಗಾಳಿ ಅದನ್ನು ಮೇಲಕ್ಕೂ ಬಿಡುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2000ದ ಏಪ್ರಿಲಿನಿಂದ ದೆಹಲಿ ಪ್ರಾಂತ್ಯದ ಹೊಸ ಕಾರುಗಳಿಗೆ ಯೂರೋ-2 ಮಾನದಂಡ ಬಂತು. ಕಾರ್ಬುರೇಟರ್ ಹೊಸ ಕಾರುಗಳಿಂದ ಕಾಲು ತೆಗೆದದ್ದು ಸುಮಾರು ಆ ಹೊತ್ತಿಗೇ. ಮುಂದೆ 15 ವರ್ಷ ದಾಟಿದ ಪೆಟ್ರೋಲ್ ಗಾಡಿಯೂ 10 ವರ್ಷ ದಾಟಿದ ಡೀಸೆಲ್ ಗಾಡಿಯೂ ಇಲ್ಲಿ ರಸ್ತೆಗಿಳಿಯಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದರ ಸುತ್ತ ವಾದ ಆಮೇಲೂ ನಡೆದಿದೆ. 2021ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ನಿಯಮ ತಂದಿತು: 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿ ವಿಂಟೇಜ್, ಅದಕ್ಕೆ ‘ವಿಎ’ ಅಕ್ಷರಗಳ ಬೇರೆ ನಂಬರ್ ಪ್ಲೇಟು. ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನಕ್ಕೋ ರ್‍ಯಾಲಿಗೋ ಹೋಗಿಬರಬಹುದು. ಇಪ್ಪತ್ತು ವರ್ಷದ ಕಾರು ಗುಜರಿ, ಐವತ್ತರದ್ದು ಪರಂಪರೆ! ನಡುವಿನ ಮೂವತ್ತು ವರ್ಷ ದಾಟಿಸುವುದು ಮಾಲೀಕನ ಹಟವೊಂದೇ.

ಆ ಹಟದ ದೊಡ್ಡ ಉದಾಹರಣೆ ನೋಡಲು ಸರೋಜಿನಿ ನಗರದಿಂದ ದೂರ ಹೋಗಬೇಕಿಲ್ಲ. ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ 1914ರ ಜಾನ್ ಮಾರಿಸ್ ಅಗ್ನಿಶಾಮಕ ಗಾಡಿಯಿದೆ, ಹೈದರಾಬಾದಿನ ನಿಜಾಮರ ರೈಲ್ವೆಗೆಂದು ಇಂಗ್ಲೆಂಡಿನಿಂದ ಬಂದದ್ದು. 1964ರಿಂದ ನಡೆದುಬಂದಿರುವ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆ ಕಾರುಗಳ ರ್‍ಯಾಲಿಯಲ್ಲಿ ಅದು ನೂರು ದಾಟಿದ ಮೇಲೂ ತನ್ನ ಎಂಜಿನ್ನಿನ ಬಲದಿಂದಲೇ ಓಡಿದೆ. ಜನ ಅದರ ಹಿತ್ತಾಳೆಯ ಹೊಳಪು ನೋಡುತ್ತಾರೆ. ನನ್ನ ಕಣ್ಣು ಈಗ ಹೊಳಪಿಲ್ಲದ ಕಡೆ ಹೋಗುತ್ತದೆ: ಕಾಣದ ಸಂದಿಗಳಲ್ಲಿ ಎಷ್ಟು ಕಡ್ಡಿಗಳು, ಎಷ್ಟು ಪಿನ್ನುಗಳು, ಅವುಗಳ ಹಿಂದೆ ಎಷ್ಟು ಜನ ಉಸ್ತಾದರು!

ಇಂದಿನ ಕಾರಿನಲ್ಲಿ ನಾಬ್ ಇಲ್ಲ. ಎಂಜಿನ್ನಿನ ನೀರು ಎಷ್ಟು ತಣ್ಣಗಿದೆ ಎಂದು ಒಂದು ಸೆನ್ಸರ್ ತಿಳಿಸುತ್ತದೆ, ಕಂಪ್ಯೂಟರು ಇಂಜೆಕ್ಟರನ್ನು ಒಂದಿಷ್ಟು ಹೆಚ್ಚು ಹೊತ್ತು ತೆರೆದಿಡುತ್ತದೆ, ಬಿಸಿಯಾದಂತೆ ತಾನೇ ಕಡಿಮೆ ಮಾಡುತ್ತದೆ. ಮಾಡುವ ಕೆಲಸ ಅದೇ, ಹೆಚ್ಚು ಕರಾರುವಾಕ್ಕಾಗಿ. ಮರೆವಿನ ಭಯವಿಲ್ಲ, ಹೊಗೆಯೂ ಕಡಿಮೆ. ಹಳೆಯದೇ ಮೇಲು ಎಂದು ನಾನು ವಾದಿಸುವುದಿಲ್ಲ; ದೆಹಲಿಯ ಗಾಳಿ ಕುಡಿದವರು ಯಾರೂ ವಾದಿಸಲಾರರು. ಅಲ್ಲಿಯೂ ಒಬ್ಬರು ಕೂತು, ನೀರು ಇಷ್ಟು ಬಿಸಿಯಾದ ಮೇಲೆ ಸಾಕು ಎಂದು ಬರೆದಿರುತ್ತಾರೆ. ಅವರ ಒಂದೂವರೆ ಮಿಲಿಮೀಟರ್ ಅಂಕಿಗಳಲ್ಲಿದೆ. ವ್ಯತ್ಯಾಸ ಇಷ್ಟೇ: ಅದನ್ನು ಬೀಡಿಯ ರಟ್ಟಿನಿಂದ ಅಳೆಯಲಾಗದು. ಗ್ಯಾರೇಜಿನ ಹುಡುಗನೊಬ್ಬ ಅದರೊಳಗೆ ಬೆರಳಿಟ್ಟು, ಯಾಕೆ ಸಡಿಲ ಬಿಟ್ಟಿರಿ ಎಂದು ಕೇಳಲಾಗದು. ಬೆರಗಿಗೆ ಕಣ್ಣು ಹೇಗೆ ಬೇಕೋ ಬೆರಳೂ ಹಾಗೇ ಬೇಕು.

ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟ ಮರುನಿರ್ಮಾಣದ ಏಳು ಸರ್ಕಾರಿ ಬಡಾವಣೆಗಳಲ್ಲಿ ಸರೋಜಿನಿ ನಗರವೂ ಒಂದು. ಹಳೆಯ ಮನೆಗಳು ಹೋಗಿ ಗೋಪುರಗಳು ಎದ್ದಿವೆ. ರಾಯರ ಮಗ ಮನೆ ಖಾಲಿ ಮಾಡುವ ಮೊದಲು ಗ್ಯಾರೇಜು ಬರಿದು ಮಾಡಬೇಕಾಯಿತು. ಕಾರಿಗೆ ಬೇರೆ ಜಾಗ ಸಿಕ್ಕಿತ್ತು. ಉಳಿದ ಸ್ಪೇರುಗಳನ್ನು ಒಂದು ತಗಡಿನ ಪೆಟ್ಟಿಗೆಗೆ ತುಂಬಿ ರಾಯರು ಉಸ್ತಾದರನ್ನು ಕರೆಸಿದರು. ಉಸ್ತಾದರ ಜೊತೆ ಆ ಹುಡುಗನೂ ಬಂದಿದ್ದ, ಮೀಸೆ ಚಿಗುರಿತ್ತು. ರಾಯರು ಪೆಟ್ಟಿಗೆಯನ್ನು ಹಿರಿಯರಿಗೆ ಕೊಡದೆ ಅವನ ಕೈಗೆ ಕೊಟ್ಟರು. ಅದರ ಮೇಲೆ ತಾವು ಯಾರಿಗೂ ಮುಟ್ಟಗೊಡದಿದ್ದ, ಅಂಚು ಎಣ್ಣೆ ಕುಡಿದ ವರ್ಕ್‌ಶಾಪ್ ಮ್ಯಾನುಯಲ್ಲನ್ನೂ ಇಟ್ಟರು. “ಅವತ್ತು ಸಡಿಲ ಯಾಕೆ ಅಂತ ಕೇಳಿದೆಯಲ್ಲ, ಅದಕ್ಕೆ” ಎಂದರು. ಭರತನ ಪಟ್ಟಿಯಲ್ಲಿ ದಾನ ಯಾಕಿದೆ ಎಂಬುದು ನನಗೆ ತಿಳಿದದ್ದು ಆಗ. ಬೆರಗು ಒಬ್ಬರಲ್ಲೇ ಉಳಿದರೆ ಸಂಗ್ರಹವಾಗುತ್ತದೆ. ಕೇಳಿದವನ ಕೈಗೆ ದಾಟಿದರೆ ಮುಂದಿನ ಕೆಲಸವಾಗುತ್ತದೆ.

ಹುಡುಗನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಚಿತ್ರ ಓದಲು ಬರುತ್ತಿತ್ತು. ಅಲ್ಲೇ ನಿಂತು ಪುಟ ತಿರುಗಿಸಿ ಕಾರ್ಬುರೇಟರಿನ ಭಾಗಗಳನ್ನೆಲ್ಲ ಬಿಡಿಬಿಡಿಯಾಗಿ ಬರೆದಿದ್ದ ಚಿತ್ರ ಹುಡುಕಿ, ಬೆರಳಿಟ್ಟು ಒಂದೊಂದಾಗಿ ನೋಡಿಕೊಂಡು ಹೋದ. ಆಮೇಲೆ ಉಸ್ತಾದರ ಕಡೆ ತಿರುಗಿ, “ಇದರಲ್ಲಿ ಒಂದು ವಾಷರ್ ಕಮ್ಮಿ ತೋರಿಸಿದ್ದಾರೆ” ಎಂದ. ಉಸ್ತಾದ್ ಕನ್ನಡಕ ಏರಿಸಿ ನೋಡಿದರು, ರಾಯರೂ ಬಗ್ಗಿ ನೋಡಿದರು. ಅವನು ಹೇಳಿದ್ದು ಸರಿಯಾಗಿತ್ತು.